ಬಿಕ್ಕಲಂ ಇಲ್ಲದ ಪತ್ರ

ಗುಬ್ಬಿಯ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಕ್ರಯಪತ್ರ ಬರೆಯುತ್ತಿದ್ದ ಪತ್ರಬರಹಗಾರರೊಬ್ಬರು ಭಾನುವಾರ ನಮ್ಮ ಚರ್ಚಿನ ಬೈಬಲ್ ತರಗತಿಗೆ ಬರುತ್ತಿದ್ದರು. ಕಿವಿಯ ಮೇಲೆ ಸದಾ ಒಂದು ಪೆನ್ನು. ಯಾವ ಕಾಗದ ಕೊಟ್ಟರೂ ಮೊದಲು ಕೊನೆ ನೋಡಿ, "ಬಿಕ್ಕಲಂ ಎಲ್ಲಿ?" ಎನ್ನುವರು. ಬೇರೆಯವರ ಪರವಾಗಿ ಪತ್ರ ಬರೆದ ಬರಹಗಾರ ತಳದಲ್ಲಿ ಹಾಕುವ ಸಹಿ ಅದು. ನನ್ನ ಮದುವೆಯ ಕರೆಯೋಲೆಗೂ ಹಾಗೇ ಕೇಳಿದ್ದರು.

ಆಗ ತರಗತಿಯಲ್ಲಿ, ಬೈಬಲಿನಲ್ಲಿರುವ ಹೆಸರಿಲ್ಲದ ಒಂದು ಪತ್ರವನ್ನು ಬರೆದವರು ಯಾರೆಂಬ ಚರ್ಚೆ ನಡೆದಿತ್ತು. ಪಾದ್ರಿಗಳು ಪೌಲನೇ ಎಂದರು. ಸೆಕ್ರೆಟರಿ, ಶೈಲಿ ಪೌಲನದಲ್ಲ ಎಂದರು.

"ಬರೆಸಿದೋರು ಒಬ್ರು, ಬರೆದೋರು ಒಬ್ರು ಇರ್ತಾರೆ ಅಯ್ಯನೋರೆ. ನೀವು ಯಾರನ್ನ ಹುಡುಕ್ತಿದೀರಿ?" ಎಂದರು ನಮ್ಮ ಪತ್ರಬರಹಗಾರರು.

ಆರು ಭಾನುವಾರ ಕಳೆದರೂ ತೀರ್ಮಾನವಾಗಲಿಲ್ಲ.

ಏಳನೆಯ ಭಾನುವಾರ ಪಾದ್ರಿಗಳ ಮೇಜಿನ ಮೇಲೆ ಒಂದು ಮೂಗರ್ಜಿ ಇತ್ತು. ಚರ್ಚು ಗುಡಿಸುವ ಹೆಂಗಸನ್ನು ಕಾರಣವಿಲ್ಲದೆ ಕೆಲಸದಿಂದ ಬಿಡಿಸಿದ್ದೇಕೆ ಎಂದು ಕೇಳಿತ್ತು. "ಸದರಿ ಹೆಂಗಸು", "ಸದರಿ ಪೊರಕೆ" ಎಂದು ಪಾದ್ರಿಗಳು ಓದುತ್ತಿದ್ದಂತೆ ಎಲ್ಲರೂ ಇವರತ್ತ ತಿರುಗಿದರು. ಈ ತೀರ್ಮಾನಕ್ಕೆ ಎರಡು ನಿಮಿಷ ಹಿಡಿಯಿತು.

ಇವರು ಕಾಗದ ಇಸಿದುಕೊಂಡು ಕೊನೆ ನೋಡಿದರು. "ತಪ್ಪಾಗೈತೆ" ಎಂದು ಕಿವಿಯ ಪೆನ್ನು ತೆಗೆದು ಬಿಕ್ಕಲಂ ಹಾಕಿದರು.

"ಬರೆಸಿದ್ದು ಯಾರು?" ಪಾದ್ರಿಗಳು ಕೇಳಿದರು.

"ಆ ಪತ್ರಕ್ಕೆ ಎರಡು ಸಾವ್ರ ವರ್ಷ ಕಾದಿದೀರಿ. ಇದಕ್ಕೂ ಒಸಿ ಕಾಯಿರಿ."

ಅವರೀಗ ಇಲ್ಲ. ಅವತ್ತು ಅವರ ಪಕ್ಕದಲ್ಲೇ ತಲೆ ತಗ್ಗಿಸಿ ಬೈಬಲಿನ ಪುಟ ತಿರುಗಿಸುತ್ತಿದ್ದೆ. ಬರೆಸಿದವನು ನಾನು.