ಎಣ್ಣೆ ಸಿಡಿದ ಗುಳ್ಳೆ

ವಾಮದಪದವಿನಲ್ಲಿ ಬಸ್ಸಿಳಿದು ವಸಂತ ಯಾರೆಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೋಳಿಬಜೆಯ ವಸಂತ ಎಂದರೆ ಮಾತ್ರ ಕೈ ತೋರಿಸುತ್ತಾರೆ. ಆ ಮಹಾನುಭಾವ ನಾನೇ. ವರ್ಷಗಟ್ಟಲೆ ಬಾಣಲೆಯ ಮುಂದೆ ನಿಂತು ನಾನು ಗಳಿಸಿದ ಪಾಂಡಿತ್ಯ ಒಂದೇ: ಎಣ್ಣೆ ಸಿಡಿದ ಗುಳ್ಳೆಯನ್ನು ದೂರದಿಂದಲೇ ಗುರುತಿಸಬಲ್ಲೆ. ನನ್ನ ಎರಡೂ ಮುಂಗೈಗಳು ಅದಕ್ಕೆ ಸಾಕ್ಷಿ.

ನಮ್ಮ ಅಂಗಡಿ, ಮನೆ ಎಲ್ಲ ಒಂದೇ. ಮುಂದೆ ಬಾಣಲೆ, ಹಿಂದೆ ಮಲಗುವ ಕೋಣೆ, ನಡುವೆ ಹಲಗೆಯ ಗೋಡೆ. ಈ ಸಲದ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ, ಎರಡನೇ ಕ್ಲಾಸಿನ ಮಗಳು ವಿಸ್ಮಿತಾ ಕೈ ಚಾಚಿ, "ಅಪ್ಪ, ಇಲ್ಲಿ ತುರಿಸ್ತದೆ" ಎಂದಳು. ಮಣಿಕಟ್ಟಿನ ಮೇಲೆ ನೀರು ತುಂಬಿದ ಗುಳ್ಳೆಗಳು. ಪಂಡಿತರಿಗೆ ಎರಡನೇ ಸಲ ನೋಡುವ ಅಗತ್ಯ ಕಾಣಲಿಲ್ಲ.

"ಬಾಣಲೆ ಹತ್ತಿರ ಬರಬೇಡ ಅಂತ ಎಷ್ಟು ಸಲ ಹೇಳಿದ್ದೇನೆ?" ಎಂದು ಗದರಿಸಿ, ಜೇನು ಹಚ್ಚಿ ಶಾಲೆಗೆ ಕಳಿಸಿದೆ.

"ನಾನು ಹತ್ತಿರ ಬರ್ಲೇ ಇಲ್ಲ ಅಪ್ಪ" ಎಂದು ಅಳುತ್ತಲೇ ಹೋದಳು. ಮಧ್ಯಾಹ್ನ ಟೀಚರ್ ಫೋನ್ ಮಾಡಿದರು. ಹೊಟ್ಟೆ, ಬೆನ್ನು, ಕೂದಲಿನ ಬುಡದಲ್ಲೂ ಗುಳ್ಳೆ. ಡಾಕ್ಟರಿಗೆ ತೋರಿಸಿದರೆ ಅದು ಚಿಕನ್‌ಪಾಕ್ಸ್. ಪಕ್ಕದ ಬೆಂಚಿನ ಮಕ್ಕಳಿಗೂ ನಾನೇ ಹಂಚಿ ಕಳಿಸಿದ ಹಾಗಾಯಿತು.

ಹೆಂಡತಿ ಹರಿಣಾಕ್ಷಿ ಬೀಡಿ ಕಟ್ಟುವುದನ್ನು ಬಿಟ್ಟು ಮಗಳ ಪಕ್ಕ ಕೂತಳು. ಅಲ್ಲಿಗೆ ಮನೆಯ ಅರ್ಧ ಸಂಪಾದನೆ ನಿಂತಿತು. ಉಳಿದರ್ಧ ನನ್ನ ಬಾಣಲೆ. ಅಷ್ಟರಲ್ಲಿ ಅತ್ತೆ ಸೇಸಮ್ಮ ಬೇವಿನ ಸೊಪ್ಪು ಹಿಡಿದುಕೊಂಡು ಬಂದರು.

"ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಸಹ ಹಾಕುವ ಕ್ರಮ ಇಲ್ಲ. ನೀವು ಬಾಣಲೆ ಇಡ್ತೀರಾ?"

"ಡಾಕ್ಟ್ರು ಹಾಗೆಂತದ್ದೂ ಹೇಳ್ಲಿಲ್ಲ ಅತ್ತೆ. ಉಗುರು ಕತ್ತರಿಸಿ, ಮಗುವನ್ನು ತಂಪಾಗಿ ಇಡಿ ಅಂದದ್ದು ಅಷ್ಟೇ."

ತಂಪು ಎಂಬ ಮಾತು ನನ್ನ ಬಾಯಿಂದಲೇ ಬಂತು, ನನ್ನ ಕಿವಿಗೆ ಮಾತ್ರ ಹೋಗಲಿಲ್ಲ. ವಿಜ್ಞಾನದ ಪಕ್ಷ ವಹಿಸಿದ ಹೆಮ್ಮೆಯಲ್ಲಿ ಸಂಜೆ ಬಾಣಲೆ ಇಟ್ಟೆ.

ಹಲಗೆಯ ಈಚೆ ನಾನು ಬಜೆ ಕರಿಯುತ್ತಿದ್ದೆ, ಆಚೆ ಮಗಳು ಬೆವರುತ್ತಿದ್ದಳು. ಬೆವರಿದಷ್ಟೂ ತುರಿಕೆ. ಹರಿಣಾಕ್ಷಿ ಕೈ ಹಿಡಿದಿಟ್ಟರೂ ತಪ್ಪಿಸಿಕೊಂಡು ಹುಬ್ಬಿನ ಮೇಲಿನ ಗುಳ್ಳೆಯನ್ನು ಕೆರೆದುಬಿಟ್ಟಳು. ಎರಡೇ ದಿನದಲ್ಲಿ ಅದು ಕೀವಾಗಿ, ರೆಪ್ಪೆ ಊದಿ, ಕಣ್ಣೇ ಮುಚ್ಚಿಹೋಯಿತು. ರಿಕ್ಷಾದಲ್ಲಿ ಬಂಟ್ವಾಳಕ್ಕೆ ಹೋಗುವಾಗ ನನಗೆ ಜೀವವೇ ಇರಲಿಲ್ಲ. ಆ ಕಣ್ಣು ಉಳಿಯದಿದ್ದರೆ ನಾನು ಯಾವ ಮುಖ ಹೊತ್ತು ತಿರುಗಲಿ?

"ಕಣ್ಣಿನ ಒಳಗೆ ಹೋಗಲಿಲ್ಲ, ನಿಮ್ಮ ಪುಣ್ಯ" ಎಂದರು ಡಾಕ್ಟರು. "ಮಗು ಮಲಗುವ ಕೋಣೆ ಅಷ್ಟು ಸೆಕೆಯಾ?"

ಹರಿಣಾಕ್ಷಿ ನನ್ನ ಮುಖ ನೋಡಿದಳು. "ಸೆಕೆ ಅಲ್ಲ ಡಾಕ್ಟ್ರೇ, ಗೋಳಿಬಜೆ."

ಔಷಧಿ, ಇಂಜೆಕ್ಷನ್, ರಿಕ್ಷಾ ಬಾಡಿಗೆ ಸೇರಿ ಹಟ ಹಿಡಿದು ಮಾಡಿದ ವ್ಯಾಪಾರವನ್ನೆಲ್ಲ ನುಂಗಿದವು. ಬಾಣಲೆ ಕವುಚಿ ಹಾಕಿದೆ. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಬಂದ ಗಿರಾಕಿಗಳಿಗೆಲ್ಲ ಗ್ಯಾಸ್ ಮುಗಿದಿದೆ ಎಂದು ಸುಳ್ಳು ಹೇಳಿದೆ. ದಿನಾ ಬರುವ ತುಕ್ರಪ್ಪಣ್ಣ ನನ್ನ ಹೆಗಲಿಗೆ ಅಂಟಿದ್ದ ಬೇವಿನ ಎಲೆಯನ್ನು ತೆಗೆದು ನನ್ನ ಕೈಯಲ್ಲೇ ಇಟ್ಟರು.

"ಗ್ಯಾಸ್ ನಿಧಾನ ಬರ್ಲಿ ಮಾರಾಯ. ಮಗುವನ್ನು ನೋಡಿಕೋ."

ಹುಬ್ಬಿನ ಹುಣ್ಣು ಮಾಯಿತು, ಕಣ್ಣು ತೆರೆಯಿತು. ಹಕ್ಕಳೆ ಉದುರಿ ಬೇವಿನ ನೀರಿನ ಸ್ನಾನವೂ ಮುಗಿದ ಮೇಲೆ ಬಾಣಲೆ ಮತ್ತೆ ಒಲೆ ಹತ್ತಿತು. ನನ್ನ ಬಜೆಯಿಲ್ಲದೆ ಪೇಟೆಯ ಜನ ಸೊರಗಿರುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಗುಂಡುಗುಂಡಾಗಿಯೇ ಇದ್ದರು. ಆದರೂ ಬಂದು ಸಾಲು ನಿಂತರು. ನನಗೆ ಬೆಳಿಗ್ಗೆಯಿಂದ ಮೈ ಬಿಸಿ, ಸೊಂಟ ನೋವು. ಬೆಂಕಿಯ ಮುಂದೆ ನಿಲ್ಲುವವನಿಗೆ ಅದೊಂದು ದೊಡ್ಡ ವಿಷಯವೇ?

ಮೊದಲ ಬಜೆಗೆ ಬಂದ ವಿಸ್ಮಿತಾ ನನ್ನ ಕೈ ಹಿಡಿದುಕೊಂಡಳು. "ಅಪ್ಪ, ಇದೆಂತ?"

"ಎಣ್ಣೆ ಸಿಡಿದದ್ದು ಮಗಾ."

ಅವಳು ಹಿಂದೆ ಹೋಗಿ ನನ್ನ ಬನಿಯನ್ ಎತ್ತಿದಳು. "ಬೆನ್ನಿಗೂ ಸಿಡಿದಿದೆಯಾ?"

ಸಾಲಿನಲ್ಲಿದ್ದವರು ಮೆಲ್ಲಗೆ ಹಿಂದೆ ಸರಿದರು. ಪಾತ್ರೆಯಲ್ಲಿ ಹಿಟ್ಟು ಇನ್ನೂ ಬೇಕಾದಷ್ಟಿತ್ತು. ಇದೊಂದನ್ನು ಕರಿದು ಮುಗಿಸಿಬಿಡುವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಹುಬ್ಬಿನ ಮೇಲಿನ ಕಲೆ ಕಣ್ಣಿಗೆ ಬಿತ್ತು. ಒಲೆ ಆರಿಸಿದೆ.

"ಗ್ಯಾಸ್ ಪುನಃ ಮುಗೀತಾ?" ದೂರದಿಂದಲೇ ತುಕ್ರಪ್ಪಣ್ಣ ಕೇಳಿದರು.

"ಇಲ್ಲ ತುಕ್ರಪ್ಪಣ್ಣ, ಗ್ಯಾಸ್ ಉಂಟು. ನನಗೇ ಚಿಕನ್‌ಪಾಕ್ಸ್" ಎಂದೆ, ಇಡೀ ಪೇಟೆಗೆ ಕೇಳುವ ಹಾಗೆ.

ವಿಸ್ಮಿತಾ ಆಗಲೇ ಒಳಗಿನಿಂದ ಉಗುರು ಕತ್ತರಿಸುವುದನ್ನು ತಂದಾಗಿತ್ತು.

"ಕೈ ಕೊಡಿ ಅಪ್ಪ. ಕೆರೆದರೆ ಪೆಟ್ಟು ಕೊಡ್ತೇನೆ."

ಎರಡೂ ಕೈ ಚಾಚಿ ಅವಳ ಮುಂದೆ ಕೂತೆ.