ಕೆಂಪು ದಾರ ಕಟ್ಟದ ಕೊಡೆ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಸಾಲಿನ ಶಟರ್‌ಗಳೆಲ್ಲ ಕೆಳಗಿವೆ. ಒಂದು ಮಾತ್ರ ಅರ್ಧ ಎದ್ದಿದೆ. ಅದರಡಿ ಕಾಣುವುದು ಹೊಲಿಗೆ ಯಂತ್ರದ ಪೆಡಲು, ಪಕ್ಕದಲ್ಲಿ ಎರಡು ಬರಿಗಾಲು. ಕಾಲುಗಳು ಸುಮ್ಮನಿವೆ. ಚೀಲದಕ್ಕ ಈಗ ಹೊಲಿಯುತ್ತಿಲ್ಲ, ಬಿಚ್ಚುತ್ತಿದ್ದಾರೆ. ಹಳದಿ ಅಂಚಿನ ಹಸಿರು ಚೀಲವೊಂದನ್ನು ಮಡಿಲಿಗೆ ಹಾಕಿಕೊಂಡು, ತಾವೇ ಹಾಕಿದ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದಾಗಿ ಕೀಳುತ್ತಿದ್ದಾರೆ.

“ಇಷ್ಟು ಗಟ್ಟಿಯಾಗಿ ಯಾಕೆ ಹಾಕ್ದೆ ಅಂತ ನನಗೆ ನಾನೇ ಬೈಕೋತಿದೀನಿ,” ಎನ್ನುತ್ತಾರೆ, ತಲೆ ಎತ್ತದೆ. “ಸಂಜೆ ಒಳಗೆ ಇದು ಮತ್ತೆ ಕೊಡೆ ಆಗ್ಬೇಕು.”

ಕೊಡೆಯಿಂದ ಚೀಲ ಮಾಡುವುದು ಈ ಅಕ್ಕನ ಕಸುಬು. ಚೀಲದಿಂದ ಕೊಡೆ ಮಾಡುವುದು ಇವತ್ತೇ ಮೊದಲು.

ಕಡ್ಡಿ ಮುರಿದ, ಗಾಳಿಗೆ ತಿರುಗಿಬಿದ್ದು ಸೊಂಟ ಕಳೆದುಕೊಂಡ ಕೊಡೆ ಯಾವ ಕಸದ ತೊಟ್ಟಿಯಲ್ಲಿದ್ದರೂ ಅದು ಹೇಗೋ ಇವರ ಕೈ ಸೇರುತ್ತದೆ. ಬಸ್ ನಿಲ್ದಾಣ ಗುಡಿಸುವ ಹೆಂಗಸರು ಎತ್ತಿಟ್ಟಿರುತ್ತಾರೆ. ತೊಳೆದು, ಒಣಗಿಸಿ, ಬಿಚ್ಚಿದರೆ ಒಂದು ಕೊಡೆಗೆ ಎಂಟು ತ್ರಿಕೋನ. ಆರು ಚೀಲದ ಮೈಗೆ, ಒಂದು ಒಳಜೇಬಿಗೆ. ಕೊನೆಯದನ್ನು ಉದ್ದಕ್ಕೆ ಸೀಳಿ ಜಡೆಯಂತೆ ಹೆಣೆದರೆ ಹಿಡಿಕೆ. ಮಡಚಿದ ಕೊಡೆಯನ್ನು ಸುತ್ತಿ ಬಿಗಿಯುವ ಆ ಪುಟ್ಟ ಪಟ್ಟಿಯೂ ವ್ಯರ್ಥವಾಗುವುದಿಲ್ಲ, ಚೀಲದ ಬಾಯಿ ಮುಚ್ಚಲು ಬರುತ್ತದೆ. “ನೀರು ಒಳಗೆ ಬರಬಾರ್ದು ಅಂತ ಮಾಡಿದ ಬಟ್ಟೆ. ಚೀಲ ಆದ್ರೆ ನೀರು ಹೊರಗೆ ಹೋಗಲ್ಲ. ಮೀನು ತರೋರಿಗೆ ಬಲು ಇಷ್ಟ.”

ಇದಕ್ಕೆ ಮುಂಚೆ ಅಕ್ಕ ಬಟ್ಟೆ ಕಾರ್ಖಾನೆಯಲ್ಲಿದ್ದರು. ಅಲ್ಲಿ ಹೊಲಿದದ್ದು ಕಾಲರ್ ಮಾತ್ರ. “ವಯಸ್ಸೆಲ್ಲ ಕತ್ತಿನ ಸುತ್ತಾನೇ ತಿರುಗಿತು. ಆ ಶರ್ಟಿಗೆ ತೋಳಿತ್ತೋ ಇಲ್ವೋ ದೇವರಿಗೇ ಗೊತ್ತು.” ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಗಂಡನ ಅಂಗಡಿಯ ಮೂಲೆಗೆ ಬಂದು ಕುಳಿತರು. ಗಂಡ ಕೊಡೆ ರಿಪೇರಿಯವರು. ಬೀದಿಯವರೆಲ್ಲ ಕರೆಯುವುದು ‘ಕೊಡೆ ಡಾಕ್ಟ್ರು’ ಎಂದೇ. ಆ ಹೊತ್ತಿಗಾಗಲೇ ಜನ ರಿಪೇರಿಗಿಂತ ಹೊಸದೇ ವಾಸಿ ಎನ್ನತೊಡಗಿದ್ದರು. ಸತ್ತ ಕೊಡೆಗಳ ರಾಶಿ ಮೊಣಕಾಲ ಮಟ್ಟಕ್ಕೆ ಬೆಳೆದಿತ್ತು. ಕೈ ಸುಮ್ಮನಿರಲಾರದೆ ಅಕ್ಕ ಒಂದು ಚೀಲ ಹೊಲಿದರು. “ಸತ್ತಿದ್ದನ್ನ ಹೆಗಲಿಗೆ ಹಾಕ್ಕೊಂಡು ತಿರುಗ್ತೀಯೇನೇ?” ಎಂದು ಅತ್ತೆ ಮೂಗು ಮುರಿದರು. ವಾರ ಕಳೆಯುವಷ್ಟರಲ್ಲಿ ಅದೇ ಅತ್ತೆ, “ನೇರಳೆ ಬಣ್ಣದ್ದು ಯಾವಾಗ ಸಾಯತ್ತೆ?” ಎಂದು ಕೇಳಿದರು.

ಕೆಲಸ ಹಗುರವಲ್ಲ. ಕಡ್ಡಿಯ ಮೊನೆ ಚುಚ್ಚಿ ಚುಚ್ಚಿ ಬೆರಳ ತುದಿಗಳು ಒರಟಾಗಿವೆ. ಬಟ್ಟೆ ಜಾರುವ ಜಾತಿಯದು, ಕಣ್ಣು ಮಿಟುಕಿಸಿದರೆ ಹೊಲಿಗೆ ಸೊಟ್ಟ. ಮಳೆಗಾಲದಲ್ಲಿ ಮುರಿದ ಕೊಡೆ ರಾಶಿರಾಶಿ ಬರುತ್ತವೆ, ಒಣಗಿಸಲು ಬಿಸಿಲಿರುವುದಿಲ್ಲ. ಬಿಸಿಲಿದ್ದಾಗ ಕೊಡೆ ಮುರಿಯುವುದಿಲ್ಲ. ಆದರೆ ಅಕ್ಕನ ದೊಡ್ಡ ತಕರಾರು ಗಂಡನ ಮೇಲೆ. “ಇವ್ರು ಯಾವ ಕೊಡೇನೂ ನೆಮ್ಮದಿಯಾಗಿ ಸಾಯಕ್ಕೆ ಬಿಡಲ್ಲ. ನಾನು ಹದ್ದಿನ ಥರ ಕಾಯ್ತಾ ಕೂತಿರ್ತೀನಿ.”

ಅದಕ್ಕೇ ಅಂಗಡಿಯಲ್ಲಿ ಒಂದು ಕಟ್ಟಳೆ. ಬಾಗಿಲ ಎಡಕ್ಕೆ ರಿಪೇರಿಗೆ ಬಂದವು, ಬಲಕ್ಕೆ ಆಸೆ ಬಿಟ್ಟವು. ಇನ್ನು ಆಗದು ಅನ್ನಿಸಿದ ಕೊಡೆಯ ಹಿಡಿಗೆ ಡಾಕ್ಟರು ಕೆಂಪು ದಾರ ಕಟ್ಟುತ್ತಾರೆ. ದಾರ ಕಟ್ಟುವ ತನಕ ಅಕ್ಕ ಅದನ್ನು ಮುಟ್ಟುವಂತಿಲ್ಲ. ತಾವು ರಿಪೇರಿಗೆ ಒಪ್ಪಿಕೊಂಡ ಕೊಡೆ ಎಷ್ಟು ಕಾಲ ಬಿಟ್ಟು ಬಂದು ಕೇಳಿದರೂ ಇರುತ್ತದೆ ಎಂಬುದು ಡಾಕ್ಟರ ಮಾತು. ಆ ಮಾತಿನ ಮೇಲೇ ಈ ಅಂಗಡಿ ನಿಂತಿದೆ. ಕಾಣೆಯಾದ ಮಾಲೀಕರಿಗಾಗಿ ಅಟ್ಟದ ಮೇಲೆ ಕಾಯುತ್ತಿರುವ ಕೊಡೆಗಳ ಒಂದು ಸಂಸಾರವೇ ಇದೆ.

ಎಡವಟ್ಟು ಆದದ್ದು ಕಳೆದ ಮಳೆಗಾಲದಲ್ಲಿ. ಗಾಳಿ ಅಂಗಡಿಯೊಳಗೇ ನುಗ್ಗಿ ಎರಡೂ ರಾಶಿಗಳನ್ನು ಕಲಸಿಹಾಕಿತು. ಅಕ್ಕ ಬಲಗಡೆಯದನ್ನು ಆರಿಸಿಕೊಳ್ಳುವಾಗ ಹಸಿರು ಕೊಡೆಯೊಂದು ಕೈಗೆ ಬಂತು. ದಾರ ಇರಲಿಲ್ಲ. ಹಿಡಿಯೇ ಇರಲಿಲ್ಲ! ಹಿಡಿ ಮುರಿದು ಬೀಳುವಾಗ ದಾರವೂ ಜೊತೆಗೆ ಹೋಗಿರಬೇಕು ಎಂದುಕೊಂಡರು. ನಿಜಕ್ಕೂ ಆ ಹಿಡಿ ಡಾಕ್ಟರ ಡಬ್ಬದಲ್ಲಿ, ಅಂಟು ಹಾಕಿಸಿಕೊಂಡು ಒಣಗುತ್ತಿತ್ತು. ಯಾರೂ ಕೇಳಿಕೊಂಡು ಬಾರದ್ದರಿಂದ, ಕೊಡೆ ಉಳಿದವುಗಳ ಜೊತೆ ಅಟ್ಟದ ಮೇಲೆ ಸುಖವಾಗಿದೆ ಎಂದು ಡಾಕ್ಟರು ನಂಬಿದ್ದರು. ಅದು ಚೀಲವಾಗಿ ಅವರ ತಲೆಯ ಮೇಲೆಯೇ ನೇತಾಡುತ್ತಿತ್ತು.

ನಿನ್ನೆ ಸಂಜೆ ಕೊಡೆಯ ಒಡತಿ ಬಂದರು. ನಿವೃತ್ತ ಬಸ್ ಕಂಡಕ್ಟರ್. ದನಿಯಲ್ಲಿ ಇನ್ನೂ ಶಿಳ್ಳೆ ಇದೆ. ಮಗಳ ಬಾಣಂತನಕ್ಕೆ ಹೋದವರು ಅಲ್ಲೇ ಉಳಿದುಬಿಟ್ಟಿದ್ದರಂತೆ. “ನನ್ನ ಹಳದಿ ಅಂಚಿನ ಹಸಿರು ಕೊಡೆ ಕೊಡಿ,” ಎಂದವರು ಹಾಗೇ ಮೇಲೆ ನೋಡಿದರು. “ಅಯ್ಯೋ, ಅಲ್ಲಿ ನೇತಾಡ್ತಿರೋದು ಅದೇ ಅಲ್ವಾ?”

ಡಾಕ್ಟರು ಚೀಲವನ್ನು ನೋಡಿದರು, ಹೆಂಡತಿಯನ್ನು ನೋಡಿದರು. “ತಪ್ಪಾಗಿದೆಯಮ್ಮಾ. ನಾಳೆ ಸಂಜೆ ಬನ್ನಿ, ಕೊಡೆ ಕೊಡ್ತೀನಿ,” ಎಂದರು. ಅಷ್ಟೇ. ಆಮೇಲೆ ಹೆಂಡತಿಯ ಜೊತೆ ತುಟಿ ಪಿಟಕ್ಕೆಂದಿಲ್ಲ. “ಬೈದಿದ್ರೆ ಚೆನ್ನಾಗಿತ್ತು. ಬೈಗುಳ ಬಂದು ಹೋಗತ್ತೆ. ಇದು ಮನೇಲೇ ಕೂತ್ಕೊಳತ್ತೆ,” ಎನ್ನುತ್ತಾರೆ ಅಕ್ಕ.

ಬೆಳಕಾಗುತ್ತದೆ. ಡಾಕ್ಟರು ಬಂದು, ಮುಖ ಊದಿಸಿಕೊಂಡೇ, ಹಳೇ ಕಡ್ಡಿಗಳ ಗುಡ್ಡೆ ಕೆದಕುತ್ತಾರೆ. ಚೀಲಕ್ಕೆಂದು ಬದಿ ಕತ್ತರಿಸಿದ್ದ ಬಟ್ಟೆ ಮೊದಲಿನ ಚೌಕಟ್ಟಿಗೆ ಸಾಲದು. ಮಕ್ಕಳ ಕೊಡೆಯ ಚೌಕಟ್ಟನ್ನು ಆರಿಸಿ, ಅದಕ್ಕೆ ಡಬ್ಬದಲ್ಲಿದ್ದ ಹಳೆಯ ಹಿಡಿ ಕೂರಿಸುತ್ತಾರೆ. ಅಕ್ಕ ತ್ರಿಕೋನಗಳನ್ನು ಜೋಡಿಸುತ್ತಾರೆ. ಹಳೇ ಸೂಜಿ ತೂತುಗಳ ಮೇಲೆ ಮೇಣದ ಬತ್ತಿ ಉಜ್ಜುತ್ತಾರೆ. ತುದಿಗೆ ಕಪ್ಪು ಬಟ್ಟೆಯ ಬಿಲ್ಲೆ. ಏಳು ಸೇರುತ್ತವೆ. ಎಂಟನೆಯದು ಹಿಡಿಕೆಯಾಗಿ ಸೀಳಿಹೋಗಿದೆ. ಅದಕ್ಕೆ ಹೊಂದುವ ಹಸಿರಿಗಾಗಿ ಅಕ್ಕ ರಾಶಿಯನ್ನೆಲ್ಲ ಜಾಲಾಡುತ್ತಾರೆ. ಒಂದು ಸಿಗುತ್ತದೆ, ಹೆಚ್ಚೂಕಡಿಮೆ ಅದೇ ಬಣ್ಣ.

ಡಾಕ್ಟರು ಪಕ್ಕದ ಬೀಗ ರಿಪೇರಿಯವನತ್ತ ತಿರುಗುತ್ತಾರೆ. “ಅವಳಿಗೆ ಹೇಳಪ್ಪಾ, ಆ ಹಸಿರು ಬೇಡ ಅಂತ.”

“ಅಕ್ಕಾ, ಆ ಹಸಿರು ಬೇಡ್ವಂತೆ,” ಬೀಗದವನು ಹೇಳುತ್ತಾನೆ.

“ಮತ್ತೆ ಇನ್ಯಾವುದು ಅಂತ ಕೇಳು.”

“ಡಾಕ್ಟ್ರೇ, ಇನ್ಯಾವುದಂತೆ. ನೋಡಿ, ಟಪಾಲಿನ ಕೂಲಿ ಬೇರೆ ಕೊಡ್ಬೇಕು ನನಗೆ.”

ಡಾಕ್ಟರು ಕೈಯಲ್ಲಿದ್ದ ಕಡ್ಡಿ ಕೆಳಗಿಡುತ್ತಾರೆ. ಆಮೇಲೆ ನೇರ ಹೆಂಡತಿಗೇ ಹೇಳುತ್ತಾರೆ, “ಹಳದಿ ಹಾಕು. ಏನೂ ಆಗೇ ಇಲ್ಲ ಅನ್ನೋ ಹಾಗೆ ಕಾಣಬಾರ್ದು. ಆಗಿದೆ.”

ಅಕ್ಕ ಅಪ್ಪಟ ಹಳದಿಯ ತುಂಡೊಂದನ್ನು ಎಳೆದು ಹೊಲಿಯುತ್ತಾರೆ. ಪೆಡಲಿನ ಸದ್ದು ಇಷ್ಟು ಹೊತ್ತಿನದಕ್ಕಿಂತ ಬೇರೆಯೇ ಆಗಿ ಕೇಳುತ್ತದೆ.

ಸಂಜೆ ಕಂಡಕ್ಟರಮ್ಮ ಬರುತ್ತಾರೆ. ಕೊಡೆ ಬಿಚ್ಚಿದೊಡನೆ ಅವರ ಮುಖ ಒಂದು ಥರ ಆಗುತ್ತದೆ.

“ಚಿಕ್ಕದಾಗಿದೆ,” ಎನ್ನುತ್ತಾರೆ ಕಂಡಕ್ಟರಮ್ಮ.

“ಹೌದಮ್ಮಾ.”

“ಅಲ್ಲಾ, ನಾನು ರಾತ್ರಿಯೆಲ್ಲ ಯೋಚ್ನೆ ಮಾಡಿ, ಆ ಚೀಲಾನೇ ಕೊಟ್ಬಿಡಿ ಅಂತ ಕೇಳೋಣಾಂತ ಬಂದೆ! ಅಷ್ಟು ಚೆನ್ನಾಗಿತ್ತು!”

ಮೊದಲು ನಗುವುದು ಬೀಗದವನು. ಆಮೇಲೆ ಡಾಕ್ಟರು, ಭುಜ ಕುಣಿಯುವಂತೆ. ಅಕ್ಕ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾರೆ.

ಆದರೂ ಪರೀಕ್ಷೆ ತಪ್ಪುವುದಿಲ್ಲ. ರಿಪೇರಿಯಾದ ಪ್ರತಿ ಕೊಡೆಗೂ ಇಲ್ಲಿ ಒಂದು ಮಗ್ ನೀರಿನ ಸ್ನಾನ. ಕಂಡಕ್ಟರಮ್ಮ ಕೊಡೆ ಹಿಡಿದು ಬೀದಿಗಿಳಿದು ನಿಲ್ಲುತ್ತಾರೆ. ಡಾಕ್ಟರು ಸ್ಟೂಲು ಹತ್ತಿ ಮೇಲಿನಿಂದ ಸುರಿಯುತ್ತಾರೆ. ನೀರು ಸುತ್ತಲೂ ಜಾರಿ ನೆಲಕ್ಕೆ ಬೀಳುತ್ತದೆ. ಒಳಗೆ ಒಂದು ಹನಿಯೂ ಇಲ್ಲ. ಕಂಡಕ್ಟರಮ್ಮ ಅಂಗೈ ಚಾಚಿ ನೋಡುತ್ತಾರೆ, ಹಳೇ ಹಿಡಿಯನ್ನು ಒಮ್ಮೆ ತಿರುಗಿಸುತ್ತಾರೆ. “ಹಿಡಿ ಮಾತ್ರ ಅದೇ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಮೋಡವೇ ಇಲ್ಲದ ಸಂಜೆಯಲ್ಲಿ ಕೊಡೆ ಮಡಚದೆ ಹೊರಟುಬಿಡುತ್ತಾರೆ. “ಚೀಲಾನೂ ಬೇಕು, ಇಂಥದ್ದೇ!” ಎಂದು ತಿರುವಿನಿಂದ ಕೂಗುತ್ತಾರೆ.

ಅಂಗಡಿಯ ಕಟ್ಟಳೆಗೆ ಇಂದು ಒಂದು ತಿದ್ದುಪಡಿಯಾಗಿದೆ. ಹಿಡಿ ಇಲ್ಲದ ಕೊಡೆಗೆ ದಾರ ಇನ್ನು ತುದಿಗೆ. ದಾರದ ಉಂಡೆಯನ್ನು ಡಾಕ್ಟರು ಹೆಂಡತಿಯ ಯಂತ್ರದ ಮೇಲಿಟ್ಟಿದ್ದಾರೆ. ಇನ್ನು ಮುಂದೆ ಇಬ್ಬರೂ ಒಪ್ಪಿದರಷ್ಟೇ ಒಂದು ಕೊಡೆಗೆ ಸಾವು.

ಅಕ್ಕನಿಗೆ ಏನಾದರೂ ಆಸೆ ಇದೆಯೇ? ಆಕೆ ನೂಲಿನ ತುಣುಕುಗಳನ್ನು ಸೆರಗಿನಿಂದ ಕೊಡವಿಕೊಳ್ಳುತ್ತಾರೆ. “ಚೀಲ ಎಷ್ಟೋ ಹೋಗಿವೆ, ಯಾವುದು ಎಲ್ಲಿದೆ ಅಂತ ಗೊತ್ತಾಗಲ್ಲ. ಮೊದಲ ಮಳೆ ದಿನ ಇಲ್ಲೇ ಕೂತಿರ್ತೀನಿ. ಬೀದಿ ತುಂಬ ಕೊಡೆ ಹೋಗ್ತಿರತ್ತಲ್ಲ, ಆ ಕಪ್ಪಿನ ಮಧ್ಯೆ ಒಂದು ಹಳದಿ ಚೂರು ಕಂಡ್ರೆ ಸಾಕು.”

“ಕಾಣತ್ತೆ ಬಿಡೇ,” ಎನ್ನುತ್ತಾರೆ ಡಾಕ್ಟರು, ಸ್ಟೂಲನ್ನು ಒಳಗೆಳೆಯುತ್ತ. “ಅದಕ್ಕೇ ತಾನೆ ಹಾಕ್ಸಿದ್ದು.”