ನಾನು ಕಲಿಸದ ನಾಲ್ಕು ಸಾಲು

ವೀರಭದ್ರನನ್ನು ನಂಬಿದ ನಿಮ್ಮೆಲ್ಲರಿಗೂ ಚಿತ್ತವಾಡ್ಗಿಯ ಈ ಟೈಲರಮ್ಮನ ಶರಣು. ನನಗೆ ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹೋದ ವರ್ಷ ಆಷಾಢದಲ್ಲಿ ನಮ್ಮಪ್ಪನಿಗೆ ಸಂಡೂರು ಬಸ್‌ಸ್ಟ್ಯಾಂಡಿನಲ್ಲೇ ಲಕ್ವ ಹೊಡೆಯಿತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಜೀವ ಉಳಿಯಿತು, ಮಾತು ಹೋಯಿತು. ಅಪ್ಪ ಪುರವಂತ. ಶ್ರಾವಣದ ಕಡೇ ಸೋಮವಾರ ಗುಡಿಯಲ್ಲಿ ಖಡ್ಗ ಹಿಡಿದು ವೀರಭದ್ರನ ಒಡಪು, ಅಂದರೆ ಅವನ ಕಥೆಯ ಪದ, ಹೇಳುವುದು ನಮ್ಮ ಮನೆಯ ಸೇವೆ. ನಮ್ಮ ಒಡಪನ್ನು ಬರೆದಿಡುವಂತಿಲ್ಲ, ಫೋನಿನಲ್ಲಿ ತುಂಬಿಕೊಳ್ಳುವಂತಿಲ್ಲ. ಹೇಳುವವನು ನಡುವೆ ನಿಂತರೆ ಪೂಜಾರಿ ಗಂಟೆ ಬಾರಿಸುತ್ತಾರೆ. ಆಮೇಲೆ ಖಡ್ಗ ದೇವರ ಮುಂದಿಟ್ಟು ಬರಬೇಕು, ಸೇವೆ ಬೇರೆ ಮನೆಗೆ ಹೋಗುತ್ತದೆ. ಹಾಗಾದರೆ ಅಪ್ಪ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ತಮ್ಮ ವೀರೇಶ ಯಶವಂತನಗರದ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಅಪ್ಪನ ಬದಲು ಅವನೇ ಖಡ್ಗ ಹಿಡಿಯಬೇಕಾಯಿತು. ಅಪ್ಪ ಕಲಿಸಲು ಕರೆದಾಗಲೆಲ್ಲ ಅವನಿಗೆ ಕ್ರಿಕೆಟ್ ಇರುತ್ತಿತ್ತು. ಮಷಿನ್ ತುಳಿಯುತ್ತ ಕೇಳಿ ಕೇಳಿ ಒಡಪು ಬಾಯಿಗೆ ಬಂದದ್ದು ನನಗೆ! ಅವನು ಊರಿಗೆ ಬರುವ ಬಸ್ಸು ಹತ್ತಿದ ಕೂಡಲೇ ಫೋನು ಮಾಡುತ್ತಿದ್ದ. ನಾನು ಒಂದೊಂದೇ ಸಾಲು ಹೇಳುವುದು, ಅವನು ಒಪ್ಪಿಸುವುದು.

ಆದರೆ ನಾಲ್ಕು ಸಾಲು ನನಗೂ ಗೊತ್ತಿರಲಿಲ್ಲ. ದಕ್ಷನ ಮನೆಯಲ್ಲಿ ಅವಮಾನಪಟ್ಟ ದಾಕ್ಷಾಯಣಿ ಬೆಂಕಿಗೆ ಹಾರುವ ಮೊದಲು ಆಡುವ ಮಾತು ಅದು. ತವರಿನಲ್ಲಿ ನೊಂದ ಮಗಳ ಮಾತನ್ನು ಹೆಣ್ಣುಮಕ್ಕಳು ಕೇಳಬಾರದೆಂದು ನಮ್ಮಲ್ಲಿ ಕಟ್ಟಳೆ. ಆ ಜಾಗ ಬಂದರೆ ಮನೆಯಲ್ಲಾದರೆ ಅಡುಗೆಮನೆಗೆ, ಗುಡಿಯಲ್ಲಾದರೆ ಆರತಿ ತರಲು ಹೊರಗೆ. ಕೇಳಿದ ಗಂಡಸರನ್ನು ವಿಚಾರಿಸಿದೆವು. ಒಬ್ಬರಿಗೆ ಒಂದು ಪದ ನೆನಪು, ಇನ್ನೊಬ್ಬರಿಗೆ ಅದೂ ಇಲ್ಲ. ಅಪ್ಪ ಅಕ್ಷರ ಕಲಿತವನಲ್ಲ. ಬಾಯಿ ತೆರೆದರೆ ಬರೀ ಉಸಿರು.

ಆ ಸೋಮವಾರ ಬೆಳಿಗ್ಗೆ ದೇವರ ಮುಂದೆ ನಿಂತು ಬೈದೇಬಿಟ್ಟೆ. "ಇಷ್ಟು ವರ್ಷ ನನ್ನ ಹೊರಗ ಕಳಿಸಿದಿ. ಇವತ್ತು ನೀನಽ ಹೇಳಿಕೊಡು."

"ಅಕ್ಕಾ, ಅಲ್ಲಿಗೆ ಬಂದ್ರ ಏನ್ ಮಾಡ್ಲಿ?" ವೀರೇಶ ಖಡ್ಗ ಒರೆಸುತ್ತ ಕೇಳಿದ.

"ನಿಂದ್ರಬ್ಯಾಡ. ಬಾಯಿ ತೆಗಿ, ಅಷ್ಟಽ."

ಮಧ್ಯಾಹ್ನ ಗುಡಿ ತುಂಬಿತ್ತು. ವೀರೇಶ ಚೆನ್ನಾಗಿಯೇ ಹೇಳಿದ. ಆ ಜಾಗ ಬಂತು. ಹೆಂಗಸರೆಲ್ಲ ಎದ್ದು ಆರತಿ ತರಲು ಹೊರಗೆ ಬೇವಿನ ಕಟ್ಟೆಯವರೆಗೆ ಬಂದೆವು. ಎಲೆ ಅಲುಗುತ್ತಿರಲಿಲ್ಲ, ಆದರೂ ನನ್ನ ತಟ್ಟೆಯ ದೀಪ ಒಂದೇ ಸಮ ಗುಡಿಯ ಕಡೆ ಬಾಗಿತ್ತು. ಈಗ ಗಂಟೆ ಬಾರಿಸುತ್ತಾರೆ, ಈಗ ಬಾರಿಸುತ್ತಾರೆ ಅಂತ ಕಾಯುತ್ತ ನಿಂತೆ.

ಗಂಟೆಯ ಸದ್ದಾಗಲಿಲ್ಲ. "ಆಹಾ ರುದ್ರ! ಆಹಾ ದೇವ!" ಎಂದು ಜನ ಕೂಗಿದರು. ಚರಣ ಪೂರ್ತಿಯಾದರೆ ಮಾತ್ರ ಹಾಗೆ ಕೂಗುತ್ತಾರೆ.

ಸೇವೆ ಮುಗಿದ ಮೇಲೆ ತಮ್ಮನನ್ನು ಹಿಡಿದು ಕೇಳಿದೆ. "ಯಾರು ಹೇಳಿಕೊಟ್ರಲೇ?"

"ಯಾರಂದ್ರ? ನೀನಽ ಅಲ್ಲೇನಕ್ಕಾ, ಹಿಂದ ನಿಂತು ಕಿವ್ಯಾಗ ಹೇಳಿದಿ. ನಿನ್ನ ಉಸಿರು ಭಾಳ ಬಿಸಿ ಇತ್ತು, ನೋಡಿಲ್ಲಿ."

ಅವನ ಬಲಗಿವಿಯ ಹಿಂದೆ ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಚರ್ಮ ಕೆಂಪಾಗಿತ್ತು. ನಾನು ಹೊರಗಿದ್ದೆ ಅಂತ ಹೇಳಿದೆ. ಅವನು ಕಿವಿಯ ಹಿಂದೆ ಮತ್ತೆ ಮುಟ್ಟಿ ನೋಡಿಕೊಂಡ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಪ್ಪನ ಮುಂದೆ ಆ ನಾಲ್ಕು ಸಾಲು ಒಪ್ಪಿಸಿದ. ನಾನು ಅಡುಗೆಮನೆಯಲ್ಲಿದ್ದೆ. ಅಪ್ಪ ಗಟ್ಟಿಯಾಗಿ ಅತ್ತದ್ದು ಕೇಳಿಸಿತು. ಬಾಗಿಲು ತೆಗೆದಾಗ ಅಪ್ಪನ ಎಡಗೈ ತಮ್ಮನ ತಲೆಯ ಮೇಲಿತ್ತು. "ಸರಿ ಐತೇನಪ್ಪಾ?" ಎಂದೆ. ಹೌದೆಂದು ತಲೆಯಾಡಿಸಿದ.

ಖಡ್ಗ ನಮ್ಮ ಮನೆಯಲ್ಲೇ ಇದೆ, ಅಪ್ಪನೂ ಇದ್ದಾನೆ. ನಾನು ಬೇಡಿಕೊಂಡದ್ದು ವೀರಭದ್ರನನ್ನು, ಬಂದದ್ದು ಅವನ ತಾಯಿ ದಾಕ್ಷಾಯಣಿ. ಅವಳ ಮಾತನ್ನು ಅವಳಲ್ಲದೆ ಇನ್ಯಾರು ಹೇಳಿಕೊಟ್ಟಾರು? ಹೆದರಿಕೆಯಾಗುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಈಗಲೂ ಮನೆಯಲ್ಲಿ ಒಡಪು ಹೇಳುವಾಗ ಆ ಜಾಗಕ್ಕೆ ಬಂದರೆ ವೀರೇಶ ಬಲಗಡೆ ಕತ್ತು ವಾಲಿಸುತ್ತಾನೆ. ನಾನು ಅವಳಿಗೆ ಕೈಮುಗಿದು, ಜಾಗ ಬಿಟ್ಟು, ಅಡುಗೆಮನೆಗೆ ಹೋಗುತ್ತೇನೆ.